ಕುಡಿತ ಬಿಟ್ಟವರಿಗೊಂದು ಚರಿತ್ರೆ

ಹೋದ ದೀಪಾವಳಿಗೆ ಗೋವಿನಕೋವಿಯ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಹಬ್ಬದ ಮನೆಯಾದರೂ ಮಾತು ಕಡಿಮೆ. ದೊಡ್ಡಮ್ಮನ ಮಗ, ನನಗಿಂತ ಹತ್ತು ವರ್ಷಕ್ಕೆ ದೊಡ್ಡ ಅಣ್ಣ, ಹಿಂದಿನ ರಾತ್ರಿ ಮನೆಗೆ ಬಂದಿರಲಿಲ್ಲ. ಒಲೆಯ ಮುಂದೆ ಕೂತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ ಕೇಳಿದಳು: "ಅಲ್ಲವ್ವ, ನಾಕು ವರ್ಷದಿಂದ ಹೆಂಡ, ಸಾರಾಯಿದೇ ಓದ್ತಿದೀಯಂತೆ. ಹಂಗಾದ್ರೆ ನೀನೇ ಹೇಳು, ಇವನ್ನ ಎಲ್ಲಿಗ್ ಕರ್ಕಂಡ್ ಹೋದ್ರೆ ಬಿಡಿಸ್ತಾರೆ?"

ನನ್ನ ಪಿಎಚ್.ಡಿ. ವಿಷಯ ಮೈಸೂರು ಸಂಸ್ಥಾನದ ಅಬಕಾರಿ. ಯಾವ ಕಾಯ್ದೆ ಯಾವ ವರ್ಷ ಬಂತು, ಹೆಂಡದ ಗುತ್ತಿಗೆ ಹೇಗೆ ಹರಾಜಾಗುತ್ತಿತ್ತು, ಮಲೆನಾಡಿನ ಬಗನಿ ಮರಕ್ಕೂ ಬಯಲುಸೀಮೆಯ ಈಚಲಿಗೂ ಲೆಕ್ಕ ಹೇಗೆ ಬೇರೆಯಾಗಿತ್ತು ಎಂದು ಕೇಳಿದ್ದರೆ ಹೇಳುತ್ತಿದ್ದೆ. ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ ನನ್ನ ಟಿಪ್ಪಣಿಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಕುಡಿಸಿದವರ ಚರಿತ್ರೆ ಅಲ್ಲಿತ್ತು, ಕುಡಿತವನ್ನು ನಿಲ್ಲಿಸಲು ಹೊರಟ ಸರ್ಕಾರಗಳ ಚರಿತ್ರೆಯೂ ಇತ್ತು. ಕುಡಿತ ಬಿಟ್ಟವರು ಮತ್ತು ಅವರ ಪಕ್ಕದಲ್ಲಿ ಕೂತವರು ಮಾತ್ರ ಆ ಕಡತಗಳಲ್ಲಿ ಇರಲಿಲ್ಲ. ಈ ಬರಹ ಅವರನ್ನು ಹುಡುಕುವ ಪ್ರಯತ್ನ.

ಮರ ಕಡಿದ ಕಾಲ

ಗೋವಿನಕೋವಿ ಇಂದು ನ್ಯಾಮತಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಎಲ್ಲವೂ ಹಳೆಯ ಮೈಸೂರು ಸಂಸ್ಥಾನದ ಸೀಮೆಗಳೇ. ಸಂಸ್ಥಾನದ ಬೊಕ್ಕಸಕ್ಕೆ ಕಂದಾಯದಂತೆ ಅಬಕಾರಿಯೂ ಬಹುಮುಖ್ಯ ಆದಾಯ. ಆದ್ದರಿಂದ ಸರ್ಕಾರದ ಕಡತಗಳಲ್ಲಿ ಕುಡಿಯುವವನು ಬರುವುದು ಒಂದು ಮೊತ್ತವಾಗಿ. ಕಾಂಗ್ರೆಸ್ಸಿನವರು ಬಂದಾಗ ಅವನು ಒಂದು ಕಳಂಕವಾದ. ಎರಡೂ ಕಡೆ ಮನುಷ್ಯನಾಗಿ ಕಾಣಿಸಿಕೊಂಡದ್ದು ಕಡಿಮೆ.

1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ಈಚಲು ಮರಗಳಿಗೆ ಕೊಡಲಿ ಹಾಕಿದರು. ಮರ ಉರುಳಿದರೆ ಹೆಂಡವಿಲ್ಲ, ಹೆಂಡವಿಲ್ಲದಿದ್ದರೆ ಸರ್ಕಾರಕ್ಕೆ ಹಣವಿಲ್ಲ, ಬಡವನ ಮನೆಗೆ ನೆಮ್ಮದಿ ಎಂಬ ಸರಳ ತರ್ಕ. ಈ ಹೋರಾಟದಲ್ಲಿ ಜೈಲು ಸೇರಿದವರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು. ಸ್ವಾತಂತ್ರ್ಯ ಬಂದೊಡನೆ, 1948ರಲ್ಲಿ, ಮೈಸೂರು ಪಾನನಿಷೇಧ ಕಾಯ್ದೆ ಬಂತು. ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೆ 1937ರ ಕಾಯ್ದೆ, ಮುಂಬಯಿ ಕರ್ನಾಟಕಕ್ಕೆ 1949ರ ಕಾಯ್ದೆ. ಸಂವಿಧಾನದ 47ನೇ ವಿಧಿಯೂ ಪಾನನಿಷೇಧವನ್ನು ರಾಜ್ಯದ ಕರ್ತವ್ಯಗಳಲ್ಲಿ ಸೇರಿಸಿತು.

ಮುಂದಿನ ಕತೆ ವಿಚಿತ್ರ. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ವ್ಯಂಗ್ಯವೆಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಪಾನನಿಷೇಧದ ಕಾಲದಲ್ಲೂ ಕಳ್ಳಬಟ್ಟಿ ನಿಂತಿರಲಿಲ್ಲ, ಅದು ತೆರವಾದ ಮೇಲೂ ನಿಲ್ಲಲಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಯ ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂತು. ಮಾರನೆಯ ವರ್ಷ ಕರ್ನಾಟಕ-ತಮಿಳುನಾಡು ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಇಂದು ಸಗಟು ಮದ್ಯದ ವ್ಯವಹಾರ ಸರ್ಕಾರಿ ಪಾನೀಯ ನಿಗಮದ ಕೈಯಲ್ಲಿದೆ, ಎಂಎಸ್‌ಐಎಲ್ ಹೆಸರಿನಲ್ಲಿ ಸರ್ಕಾರದ್ದೇ ಅಂಗಡಿಗಳಿವೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ.

ಮರ ಕಡಿದದ್ದು, ಕಾಯ್ದೆ ಮಾಡಿದ್ದು, ಕಾಯ್ದೆ ತೆಗೆದದ್ದು ಎಲ್ಲವೂ ಅಂಗಡಿಯ ಸುತ್ತಲಿನ ಚರಿತ್ರೆ. ಅಂಗಡಿ ಮುಚ್ಚಿದ ಮರುದಿನ ಬೆಳಿಗ್ಗೆ ಕೈ ನಡುಗುತ್ತ ಎದ್ದವನಿಗೆ ಏನಾಯಿತು ಎಂಬ ಪ್ರಶ್ನೆ ಅದರೊಳಗೆ ಬರುವುದಿಲ್ಲ.

ಜೋಳಿಗೆ

ಆ ಪ್ರಶ್ನೆಯನ್ನು ಕೇಳಿದ ಹಳೆಯ ನೆನಪೊಂದು ಕನ್ನಡದಲ್ಲಿದೆ. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಕಾಯಕ ಹೆಸರಿನಲ್ಲೇ ಇದೆ. 'ಧರ್ಮೇಶ್ವರಲಿಂಗ' ಅಂಕಿತದ ಅವನ ಕೆಲವೇ ವಚನಗಳು ನಮಗೆ ಉಳಿದಿವೆ. ಹೆಂಡ ಮಾರುತ್ತಲೇ ಕುಡಿಯಲು ಬಂದವರಿಗೆ ಬಿಡುವ ಬುದ್ಧಿ ಹೇಳುತ್ತಿದ್ದನೆಂದು ಐತಿಹ್ಯ. ಇದನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಕುಡಿಯುವವನನ್ನು ದೂರದಿಂದ ಬೈಯದೆ ಅವನು ಬಂದು ಕೂರುವ ಜಾಗದಲ್ಲೇ ಮಾತಾಡಿಸಬೇಕು ಎಂಬ ತಿಳಿವನ್ನು ಜನ ಈ ಕತೆಯಲ್ಲಿ ಕಾಪಿಟ್ಟುಕೊಂಡಿದ್ದಾರೆ.

ಆ ತಿಳಿವು ನಮ್ಮ ಕಾಲದಲ್ಲಿ ಮತ್ತೆ ಕಾಣಿಸಿದ್ದು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿಯವರಲ್ಲಿ. 1975ರಲ್ಲಿ ಅವರು ಜೋಳಿಗೆ ಹಿಡಿದು ಹಳ್ಳಿಗಳ ಕೇರಿಕೇರಿ ತಿರುಗತೊಡಗಿದರು. ಮಠದ ಸ್ವಾಮಿಗಳು ಜೋಳಿಗೆ ಹಿಡಿದರೆ ಜನ ಜೋಳವನ್ನೋ ಕಾಸನ್ನೋ ಹಾಕುವುದು ರೂಢಿ. ಇವರು ಕೇಳಿದ್ದು ಬೇರೆ: ನಿಮ್ಮ ಕುಡಿತ, ತಂಬಾಕು, ಇಸ್ಪೀಟು ಇದಕ್ಕೆ ಹಾಕಿ. ಜನ ಬೀಡಿಕಟ್ಟು, ಗುಟ್ಕಾ ಚೀಟಿಗಳನ್ನು ಹಾಕಿದರು, ಎಷ್ಟೋ ಮಂದಿ ಆಣೆ ಮಾಡಿದರು. 'ಮಹಾಂತ ಜೋಳಿಗೆ' ಎಂದೇ ಅದು ಹೆಸರಾಯಿತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ಈಗ 'ವ್ಯಸನಮುಕ್ತ ದಿನ'ವಾಗಿ ಆಚರಿಸುತ್ತದೆ.

ಗೋವಿನಕೋವಿಯ ಸೀಮೆಗೆ ಇನ್ನೂ ಹತ್ತಿರದ ಒಂದು ಪರಂಪರೆಯಿದೆ. ಬಂಜಾರ ಸಮುದಾಯದ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಫೆಬ್ರುವರಿಯ ಜಯಂತಿಗೆ ದೂರದೂರದ ತಾಂಡಾಗಳಿಂದ ಮಾಲಾಧಾರಿಗಳು ಅಲ್ಲಿಗೆ ನಡೆದು ಬರುತ್ತಾರೆ. ಮಾಲೆ ಹಾಕಿದಷ್ಟು ದಿನ ಹೆಂಡ, ಮಾಂಸ ಮುಟ್ಟುವುದಿಲ್ಲ. ನಮ್ಮ ಕಡೆ ಕಳ್ಳಬಟ್ಟಿ ಎಂದೊಡನೆ ತಾಂಡಾದ ಕಡೆ ಬೊಟ್ಟು ಮಾಡುವವರು ಬಹಳ. ಮತ್ತು ಬೇಡವೆಂದು ಹೇಳಿದ ಗುರು ಅದೇ ಸಮುದಾಯದವನು ಎಂಬುದು ಅವರಿಗೆ ನೆನಪಾಗುವುದಿಲ್ಲ.

ಜೋಳಿಗೆ, ಮಾಲೆ ಎರಡರ ಬಲವೂ ಒಂದೇ. ಒಬ್ಬನೇ ಮನಸ್ಸಿನಲ್ಲಿ ಮಾಡಿಕೊಂಡ ನಿರ್ಧಾರಕ್ಕೆ ಸಾಕ್ಷಿಯಿಲ್ಲ, ಹತ್ತು ಜನರೆದುರು ಹೇಳಿದ ಮಾತಿಗೆ ಊರೇ ಸಾಕ್ಷಿ. ಮಿತಿಯೂ ಅಲ್ಲೇ ಇದೆ. ಮಾಲೆ ಇಳಿಸಿದ ದಿನ ಏನು ಮಾಡಬೇಕು? ಆಣೆ ಮುರಿದವನು ಮತ್ತೆ ಯಾವ ಮುಖ ಹೊತ್ತು ಬರಬೇಕು? ಆಣೆ ತಪ್ಪಿದವನಿಗೆ ಕುಡಿತದ ಜೊತೆ ಪಾಪಪ್ರಜ್ಞೆಯೂ ಸೇರಿಕೊಂಡು ಅವನು ಇನ್ನಷ್ಟು ಕುಡಿದದ್ದನ್ನು ನಮ್ಮೂರುಗಳಲ್ಲಿ ನೋಡಿದ್ದೇವೆ.

ಕಾಯಿಲೆ ಎಂಬ ಮಾತು

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾದರು. ಒಬ್ಬ ಷೇರುಪೇಟೆಯ ಬಿಲ್ ವಿಲ್ಸನ್, ಇನ್ನೊಬ್ಬರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕುಡಿತ ಬಿಡಲು ಹೆಣಗುತ್ತಿರುವ ಒಬ್ಬನಿಗೆ ಅದೇ ಹೆಣಗಾಟದ ಇನ್ನೊಬ್ಬನ ಮಾತು ವೈದ್ಯರ ಉಪದೇಶಕ್ಕಿಂತ ಹೆಚ್ಚು ನಾಟುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಅದರಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್. ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಜೀವಮಾನವಿಡೀ ಬಿಡುತ್ತೇನೆಂಬ ಆಣೆಯೂ ಬೇಡ, ಇವತ್ತೊಂದು ದಿನ ಕುಡಿಯದಿದ್ದರಾಯಿತು. 1950ರ ದಶಕದಲ್ಲಿ ಭಾರತಕ್ಕೆ ಬಂದ ಈ ಕೂಟಗಳು ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರಿನಂಥ ನಗರಗಳಲ್ಲಿ ಬೇರುಬಿಟ್ಟವು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ.

ವೈದ್ಯರ ಕಡೆಯಿಂದಲೂ ಬದಲಾವಣೆಯಾಯಿತು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಬೆಂಗಳೂರಿನ ಗೋಡೆಗಳಾಚೆಗೂ ನೋಡಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯವರಿಗೆ ಮನೋವೈದ್ಯ ಸೇವೆ ಕೊಡುವ ಪ್ರಯೋಗ ನಡೆಸಿತು. 1985ರಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟಿತು. 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಶುರುವಾದ ರಾಷ್ಟ್ರವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಇಂದು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಏರ್ಪಾಡು ಅದೇ ಬಳ್ಳಿಯ ಕಾಯಿ. ದೊಡ್ಡಮ್ಮನಿಗೆ ಹತ್ತಿರದ ಉತ್ತರ ಅದಾಗಿತ್ತು. ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊನ್ನಾಳಿ, ನ್ಯಾಮತಿಯವರಿಗೆ ಮನಸ್ಸಿನ ಕಾಯಿಲೆ ಎಂದರೆ ಮೊದಲು ನೆನಪಾಗುತ್ತಿದ್ದುದು ಶಿವಮೊಗ್ಗದ ಡಾ. ಅಶೋಕ್ ಪೈ. 'ಕಾಡಿನ ಬೆಂಕಿ'ಯಂಥ ಚಿತ್ರಗಳ ಹಿಂದಿದ್ದ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಮನೋವೈದ್ಯವನ್ನು ಕನ್ನಡದಲ್ಲಿ ಮಾತಾಡಿದರು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಕಿರುಪುಸ್ತಕಗಳಲ್ಲಿ ಅದೇ ಕೆಲಸ ಮಾಡಿದ್ದಾರೆ. ಚಟ ಎಂಬ ಮಾತಿನ ಜಾಗದಲ್ಲಿ ಕಾಯಿಲೆ ಎಂಬ ಮಾತನ್ನು ಕೂರಿಸುವುದು ಸಣ್ಣ ಕೆಲಸವಲ್ಲ. ಚಟವಾದರೆ ಬೈಗುಳ, ಕಾಯಿಲೆಯಾದರೆ ಚೀಟಿ, ಮಾತ್ರೆ, ಆರೈಕೆ.

ಈ ತಿಳಿವಳಿಕೆಯಲ್ಲಿ ಜೀವ ಉಳಿಸುವ ವಿಷಯವೊಂದಿದೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಕೈಕಾಲು ನಡುಕ, ಬೆವರು, ಕೆಲವರಿಗೆ ಫಿಟ್ಸ್, ಮತ್ತೆ ಕೆಲವರಿಗೆ ಇಲ್ಲದ್ದು ಕಾಣುವ ಭ್ರಮೆ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಹಾಗಾಗಿ ಕೋಣೆಗೆ ಹಾಕಿ ಬೀಗ ಜಡಿಯುವುದು ಉಪಾಯವಲ್ಲ. ಸಾರಿನಲ್ಲಿ ಗುಟ್ಟಾಗಿ ಬೆರೆಸಿ ಎಂದು ಮಾರುವ ಪುಡಿಗಳೂ ಅಪಾಯ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ, ಅದನ್ನು ನುಂಗಿ ಕುಡಿದರೆ ವಾಂತಿ, ಎದೆಬಡಿತ ಶುರುವಾಗುತ್ತದೆ. ಕುಡಿಯುವವನ ಒಪ್ಪಿಗೆಯಿದ್ದು ವೈದ್ಯರು ಕೊಟ್ಟರೆ ಅದು ಔಷಧಿ, ಅವನಿಗೆ ತಿಳಿಯದಂತೆ ಹಾಕಿದರೆ ವಿಷಕ್ಕೆ ಸಮ.

ಎಂಟು ದಿನದ ಶಿಬಿರ

ಆದರೆ ಕರ್ನಾಟಕದ ಹಳ್ಳಿಯಲ್ಲಿ ಕುಡಿತ ಬಿಡಿಸುವುದು ಎಂದರೆ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ಆಸ್ಪತ್ರೆಯಲ್ಲ, ಕಲ್ಯಾಣ ಮಂಟಪ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರ ಜೊತೆಗಿನ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳ ಬ್ಯಾನರನ್ನು ನೀವೂ ನೋಡಿರಬಹುದು. ಪ್ರತಿ ಶಿಬಿರಕ್ಕೂ ಒಂದು ಕ್ರಮಸಂಖ್ಯೆ, ಆ ಸಂಖ್ಯೆ ಸಾವಿರ ದಾಟಿ ಬಹಳ ಕಾಲವಾಯಿತು. ಊರಿನವರೇ ಸಮಿತಿ ಮಾಡಿಕೊಂಡು ಅಕ್ಕಿ, ತರಕಾರಿ ಹೊಂದಿಸುತ್ತಾರೆ. ಕುಡಿಯುವವರು ಎಂಟು ದಿನ ಅಲ್ಲೇ ಉಳಿಯುತ್ತಾರೆ. ಬೆಳಿಗ್ಗೆ ಯೋಗ, ಆಮೇಲೆ ವೈದ್ಯರ ತಪಾಸಣೆ, ಗುಂಪಿನ ಮಾತುಕತೆ, ಸಂಜೆ ಭಜನೆ. ಹೆಂಡತಿ ಮಕ್ಕಳನ್ನು ಕರೆಸಿ ಎದುರುಬದುರು ಕೂರಿಸುವ ದಿನವೂ ಇರುತ್ತದೆ.

ಶಿಬಿರಕ್ಕಿಂತ ಮುಖ್ಯವಾದದ್ದು ಆಮೇಲಿನ 'ನವಜೀವನ ಸಮಿತಿ'. ಬಿಟ್ಟವರು ಒಂದೆಡೆ ಸೇರಿ ತಮ್ಮ ವಾರ ಹೇಗೆ ಕಳೆಯಿತೆಂದು ಹೇಳಿಕೊಳ್ಳುವ ಕೂಟ ಅದು. ಆಕ್ರನ್ನಿನ ಇಬ್ಬರು ಕಂಡುಕೊಂಡ ಸತ್ಯ ಇಲ್ಲಿ ಬೇರೆ ಬಟ್ಟೆ ತೊಟ್ಟಿದೆ ಅನ್ನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಗರದ ಕೂಟ ನಿಂತಿರುವುದು ಅನಾಮಧೇಯತೆಯ ಮೇಲೆ. ಗೋವಿನಕೋವಿಯಂಥ ಊರಿನಲ್ಲಿ ಅನಾಮಧೇಯನಾಗಲು ಸಾಧ್ಯವೇ? ಯಾರು ಎಷ್ಟು ಗಂಟೆಗೆ ಯಾವ ಅಂಗಡಿಯಿಂದ ಹೊರಟ ಎಂಬುದು ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತು. ಶಿಬಿರ ಆ ಗೊತ್ತಿರುವಿಕೆಯನ್ನೇ ಆಸರೆಯಾಗಿ ತಿರುಗಿಸಿಕೊಂಡಿತು. ಕುಡಿದದ್ದನ್ನು ನೋಡಿದ ಊರು ಬಿಟ್ಟದ್ದನ್ನೂ ನೋಡಲಿ ಎಂದಿತು.

ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಭಜನೆಯ ಚೌಕಟ್ಟು ಎಲ್ಲ ಧರ್ಮದವರಿಗೂ, ದೇವರನ್ನು ನಂಬದವರಿಗೂ ಒಗ್ಗದು. ಎಂಟು ದಿನ ಕೂಲಿ ಬಿಟ್ಟು ಬಂದರೆ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆ ಬಡವನಿಗಿದೆ. ಕುಡಿಯುವ ಹೆಂಗಸರಿಗೆ ಈ ಚರಿತ್ರೆಯ ಯಾವ ಪುಟದಲ್ಲೂ ಜಾಗವಿಲ್ಲ. ಅವರು ಇದ್ದಾರೆಂದು ಒಪ್ಪಿಕೊಳ್ಳಲೇ ನಮಗೆ ಕಷ್ಟ.

ಹೆಂಗಸರು ಬರುವುದು ಯಾವಾಗಲೂ ಬೇರೆ ದಾರಿಯಿಂದ, ಕುಡಿಯುವವರ ಮನೆಯವರಾಗಿ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಕಡೆಯ ಸಾವಿರಾರು ಹೆಂಗಸರು ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಎಂಬತ್ತು ವರ್ಷಗಳ ಹಿಂದೆ ತುರುವನೂರಿನಲ್ಲಿ ಕೊಡಲಿ ಎತ್ತಿದ ಜಿಲ್ಲೆಯಿಂದಲೇ ಆ ನಡಿಗೆ ಹೊರಟಿತು. ನಿಷೇಧ ಕೆಲಸ ಮಾಡದು ಎಂದು ನನ್ನಂಥವರು ಗ್ರಂಥಾಲಯದಲ್ಲಿ ಕೂತು ಹೇಳುವುದು ಸುಲಭ. ಆದರೆ ಅವರು ಕೇಳಿದ್ದು ಅಂಗಡಿ ಮುಚ್ಚುವುದನ್ನಷ್ಟೇ ಅಲ್ಲ ಎಂದು ಈಗ ಅರ್ಥವಾಗುತ್ತಿದೆ. ಗಂಡನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹೇಳುವವರಿಲ್ಲದಾಗ ಉಳಿಯುವುದು ಅಂಗಡಿ ಮುಚ್ಚಿಸುವ ದಾರಿಯೊಂದೇ.

ಲೆಕ್ಕದಲ್ಲಿ ಇರದವರು

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಟವಾಯಿತು. ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಈ ಅಂತರವನ್ನು ತುಂಬಲು ಖಾಸಗಿ ಕೇಂದ್ರಗಳು ಎದ್ದಿವೆ. ಅಂಥ ಒಂದು ಕಡೆ ಅಣ್ಣನನ್ನು ಸೇರಿಸಲು ವಿಚಾರಿಸಿದೆವು. ಮೂರು ತಿಂಗಳ ದುಡ್ಡು ಮೊದಲೇ ಕಟ್ಟಬೇಕು, ಮೊದಲ ತಿಂಗಳು ಮನೆಯವರು ನೋಡುವಂತಿಲ್ಲ, ಬರಲೊಪ್ಪದಿದ್ದರೆ ನಾವೇ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಎಂದರು. ದೊಡ್ಡಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು, "ದನ ಸಾಗ್ಸೋರ ಹಂಗೆ ಮಾತಾಡ್ತಾರಲ್ಲವ್ವ" ಎಂದಳು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿಯಾಗಿರಬೇಕು, ಒಳಗಿರುವವನಿಗೆ ಘನತೆಯ ಹಕ್ಕಿದೆ. ಕಾಯ್ದೆ ಹೀಗೆನ್ನುತ್ತದೆ ಎಂದು ಹೇಳುವಷ್ಟು ಕೆಲಸಕ್ಕಾದರೂ ನನ್ನ ಓದು ಬಂತು.

ಕನ್ನಡ ಸಾಹಿತ್ಯ ಕುಡಿಯುವವನನ್ನು ಪ್ರೀತಿಯಿಂದಲೇ ಕಂಡಿದೆ. ರಾಜರತ್ನಂ ಅವರ ಹೆಂಡಗುಡುಕ ರತ್ನನಿಗಿಂತ ನಮಗೆ ಹತ್ತಿರದ ಕುಡುಕ ಬೇರೆ ಯಾರು? ದೇವರು ಬಂದು ಹೆಂಡ ಬಿಡೆಂದರೆ ಬಿಡಲು ರತ್ನ ಸಿದ್ಧ, ಕನ್ನಡ ಪದ ಬಿಡೆಂದರೆ ಮಾತ್ರ ಒಲ್ಲ. ಶಾಲೆಯಲ್ಲಿ ಅದನ್ನು ಕನ್ನಡಪ್ರೇಮದ ಪದ್ಯವೆಂದು ಹಾಡಿದ್ದೆ. ಈಗ ಓದುವಾಗ, ಹೆಂಡವನ್ನು ಅಷ್ಟು ಸಲೀಸಾಗಿ ಬಿಡಬಹುದೆಂಬ ರತ್ನನ ಭರವಸೆಯ ಮುಂದೆಯೇ ನಿಂತುಬಿಡುತ್ತೇನೆ. ಅಣ್ಣನೂ ಹಾಗೇ ಹೇಳುತ್ತಿದ್ದ, ನಾಳೆಯಿಂದ ಬಿಟ್ಟೆ ಎಂದು.

ಕೊನೆಗೆ ಆದದ್ದು ಇಷ್ಟು. ಮೊದಲು ಮಂಗಳವಾರದ ವೈದ್ಯರ ಬಳಿ ಕರೆದೊಯ್ದೆವು. ನಡುಕಕ್ಕೆ, ನಿದ್ದೆಗೆ ಔಷಧಿ, ಬಿ1 ವಿಟಮಿನ್ ಕೊಟ್ಟರು. ಆಮೇಲೆ ಪಕ್ಕದ ಊರಿನಲ್ಲಿ ನಡೆದ ಶಿಬಿರವೊಂದಕ್ಕೆ ಹೋದ. ಎರಡು ತಿಂಗಳು ಚೆನ್ನಾಗಿದ್ದು ಒಂದು ಮದುವೆಯಲ್ಲಿ ಮತ್ತೆ ಕುಡಿದ. ಮಾರನೆಯ ಸಂಜೆ ಶಿಬಿರದಲ್ಲಿ ಜೊತೆಗಿದ್ದ ಇಬ್ಬರು ಬೈಕಿನಲ್ಲಿ ಮನೆಗೆ ಬಂದರು. ಬುದ್ಧಿ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತು, ತಾವು ಬಿಟ್ಟ ಮೇಲೆ ಎಷ್ಟು ಸಲ ಎಡವಿದ್ದೆವೆಂದು ಹೇಳಿ, ಚಹಾ ಕುಡಿದು ಹೋದರು. ಅಣ್ಣ ಈಗ ವಾರದ ಕೂಟಕ್ಕೆ ಹೋಗುತ್ತಾನೆ. ಬಿಟ್ಟಿದ್ದಾನೆಯೇ ಎಂದು ಕೇಳಿದರೆ ದೊಡ್ಡಮ್ಮ, "ಇವತ್ತು ಕುಡಿದಿಲ್ಲ ನೋಡು" ಎನ್ನುತ್ತಾಳೆ. ಆಕ್ರನ್ನಿನ ಕತೆಯನ್ನು ಅವಳಿಗೆ ನಾನು ಹೇಳಿಯೇ ಇಲ್ಲ.

ದೊಡ್ಡಮ್ಮನ ಪ್ರಶ್ನೆಯನ್ನೇ ಕೇಳುತ್ತಿರುವ ಓದುಗರಿದ್ದರೆ, ಈಗ ನನಗೆ ಗೊತ್ತಿರುವ ಉತ್ತರ ಇದು. ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗಳಿಗೆ ಟೆಲಿ-ಮಾನಸ್ 14416, ಎರಡಕ್ಕೂ ದುಡ್ಡು ಬೇಕಿಲ್ಲ. ಆಮೇಲೆ ಶಿಬಿರವೋ, ಕೂಟವೋ, ಜೋಳಿಗೆಯೋ, ಮನಸ್ಸಿಗೆ ಒಗ್ಗಿದ್ದನ್ನು ಹಿಡಿಯಿರಿ. ಎಡವಿದ ಮಾರನೆಯ ದಿನ ಬರುವವರು ಯಾರು ಎಂದು ಮೊದಲೇ ಕೇಳಿಕೊಳ್ಳಿ.

ನನ್ನ ಪ್ರಬಂಧದಲ್ಲಿ ಈಗ ಒಂದು ಅಧ್ಯಾಯ ಹೆಚ್ಚಾಗಿದೆ. ಮಾರ್ಗದರ್ಶಕರು ಆಕರಗಳೆಲ್ಲಿ ಎಂದು ಕೇಳಿದರು. ಹಳೆಯ ಶಿಬಿರಗಳ ಹಾಜರಿ ಪುಸ್ತಕ, ಮಠಗಳ ಆಣೆಯ ಪಟ್ಟಿ, ಬಿಟ್ಟವರ ಬಾಯಿಮಾತು ಎಂದೆ. ಅಬಕಾರಿ ಕಡತಗಳು ದಾಖಲಾಲಯದ ಕಪಾಟಿನಲ್ಲಿ ಭದ್ರವಾಗಿವೆ. ಈ ಹಾಜರಿ ಪುಸ್ತಕಗಳನ್ನು ಯಾರಾದರೂ ರದ್ದಿಗೆ ಹಾಕುವ ಮೊದಲು ಹೋಗಿ ನೋಡಬೇಕು. ಮುಂದಿನ ತಿಂಗಳು ಹೊನ್ನಾಳಿಯಿಂದ ಶುರುಮಾಡುತ್ತಿದ್ದೇನೆ.